ಆಷಾಢದ ಗಾಳಿಯಲ್ಲಿ ಬ್ಯಾಟರಿ ತುಂಬಿಸುವುದು: ಬೋಟಿಗೂ ವ್ಯಾನಿಗೂ ಸಣ್ಣ ಗಾಳಿಯಂತ್ರ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ಬಂದ್. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಎಂಜಿನ್ ಶುರು ಮಾಡುವವರಿಲ್ಲ, ಹಾಗಾಗಿ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಮಳೆ ಮಾತ್ರ ಬೋಟಿನೊಳಗೆ ಇಳಿಯುತ್ತಲೇ ಇರುತ್ತದೆ.

ನಮ್ಮ ಮಾವನ ಬೋಟಿನ ಕ್ಯಾಬಿನ್ ಮೇಲೆ 100 ವ್ಯಾಟ್‌ನ ಸೋಲಾರ್ ಪ್ಯಾನೆಲ್ ಇದೆ. ಒಂದು ವರ್ಷ ಆರಿದ್ರಾ ಮಳೆಗೆ ನಾಲ್ಕು ದಿನ ಸೂರ್ಯನ ಮುಖವೇ ಕಾಣಲಿಲ್ಲ. ಐದನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ ಬ್ಯಾಟರಿ 11.4 ವೋಲ್ಟ್‌ಗೆ ಇಳಿದಿದೆ, ಬೋಟಿನ ತಳದಲ್ಲಿ ಸೇರುವ ನೀರನ್ನು ಹೊರಹಾಕುವ ಬಿಲ್ಜ್ ಪಂಪ್ ನಿಂತಿದೆ, ಎಂಜಿನ್ ಕೋಣೆಯಲ್ಲಿ ಮೊಣಕಾಲುದ್ದ ನೀರು. ಮೂವರು ಸೇರಿ ಕೊಡಪಾನದಲ್ಲಿ ಎತ್ತಿ ಎತ್ತಿ ಹೊರಗೆ ಚೆಲ್ಲಿದೆವು. ಅಷ್ಟು ಹೊತ್ತೂ ತಲೆಯ ಮೇಲೆ ಬೋಟಿನ ಬಾವುಟ ಪಟಪಟ ಹೊಡೆದುಕೊಳ್ಳುತ್ತಲೇ ಇತ್ತು. ಬಿಸಿಲು ಇಲ್ಲದ ದಿನವೇ ಇಲ್ಲಿ ಗಾಳಿ ಜಾಸ್ತಿ ಅಲ್ವಾ ಅಂತ ನನಗೆ ಹೊಳೆದದ್ದು ಆಗಲೇ.

ಆಮೇಲೆ ಆ ಬೋಟಿಗೆ ಒಂದು ಸಣ್ಣ ಗಾಳಿಯಂತ್ರ ಕೂರಿಸಿದೆವು. ಮರುವರ್ಷ ನನ್ನ ಟ್ರಾವೆಲರ್ ವ್ಯಾನಿಗೆ ಮಡಚುವ ಕಂಬದ ಮೇಲೆ ಇನ್ನೊಂದು. ಎರಡರಲ್ಲೂ ಕೈ ಸುಟ್ಟುಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೆಲಸ ಕಷ್ಟದ್ದೇನಲ್ಲ. ಆದರೆ ಒಂದು ಮಾತು ಮೊದಲೇ ಹೇಳುತ್ತೇನೆ: ಸೋಲಾರ್ ಪ್ಯಾನೆಲ್‌ನ ತಂತಿ ಬಿಚ್ಚಿದರೆ ಅದು ಸುಮ್ಮನೆ ಬಿದ್ದಿರುತ್ತದೆ. ಗಾಳಿಯಂತ್ರದ ತಂತಿ ಬಿಚ್ಚಿದರೆ ಅದು ಹುಚ್ಚು ಹಿಡಿದ ಹಾಗೆ ತಿರುಗುತ್ತದೆ. ಆದ್ದರಿಂದ ತಿರುಗಿಸುವುದಕ್ಕಿಂತ ಮೊದಲು ನಿಲ್ಲಿಸುವ ವ್ಯವಸ್ಥೆ ಮಾಡಬೇಕು.

ಮೊದಲು ಗಾಳಿ ಅಳೆಯಿರಿ

ಯಂತ್ರ ಕೊಳ್ಳುವ ಮೊದಲು ಕೈಯಲ್ಲಿ ಹಿಡಿಯುವ ಗಾಳಿಮಾಪಕ ಒಂದು ತೆಗೆದುಕೊಳ್ಳಿ. ಸರಾಸರಿ ಮತ್ತು ಗರಿಷ್ಠ ವೇಗ ಎರಡನ್ನೂ ನೆನಪಿಟ್ಟುಕೊಳ್ಳುವಂಥದ್ದು ಇರಲಿ. ಅದನ್ನು ಬಿದಿರಿನ ಗಳಕ್ಕೆ ಕಟ್ಟಿ, ಯಂತ್ರ ಕೂರಿಸಬೇಕೆಂದಿರುವ ಎತ್ತರಕ್ಕೆ ಹಿಡಿಯಿರಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತೂ ನೋಡಬೇಕು. ಒಂದು ವಾರವಾದರೂ ಮಾಡಿ, ಡೈರಿಯಲ್ಲಿ ಬರೆದಿಡಿ.

ಮಾಪಕ ಇಲ್ಲದಿದ್ದರೆ ಕಣ್ಣಳತೆಯೂ ಆಗುತ್ತದೆ. ಬ್ರಿಟಿಷ್ ನೌಕಾಧಿಕಾರಿ ಬೋಫರ್ಟ್ 1805ರಲ್ಲಿ ಮಾಡಿಟ್ಟ ಲೆಕ್ಕ ಇವತ್ತಿಗೂ ನಡೆಯುತ್ತದೆ. ತೆಳು ಬಾವುಟ ಚಾಚಿಕೊಂಡು ನಿಂತರೆ ಗಾಳಿ ಸೆಕೆಂಡಿಗೆ ನಾಲ್ಕೈದು ಮೀಟರ್. ನೆಲದ ಧೂಳು, ಕಾಗದದ ಚೂರು ಮೇಲೇಳುತ್ತಿದ್ದರೆ ಆರೇಳು. ಸಣ್ಣ ಗಿಡಗಳು ಇಡಿಯಾಗಿ ಓಲಾಡುತ್ತಿದ್ದರೆ ಎಂಟು ದಾಟಿದೆ ಅಂತ ತಿಳಿಯಿರಿ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಬಂದರು ಕಟ್ಟುವುದೇ ಗಾಳಿ, ಅಲೆ ಕಡಿಮೆ ಇರುವ ಕಡೆ. ಬೈತಖೋಲದಲ್ಲಿ ಬೋಟುಗಳು ಗುಡ್ಡದ ಮರೆಯಲ್ಲಿ ನಿಲ್ಲುತ್ತವೆ. ಹಾಗಾಗಿ ಟ್ಯಾಗೋರ್ ಕಡಲತೀರದಲ್ಲಿ ನಿಂತು ಅಳೆದ ಗಾಳಿಯನ್ನು ಬಂದರಿನ ಲೆಕ್ಕಕ್ಕೆ ಹಿಡಿಯಬೇಡಿ. ಅದೇ ಬಂದರಿನಲ್ಲೂ ನಾಲ್ಕು ಬೋಟು ಆಚೆ ಕಟ್ಟಿದರೆ ಗಾಳಿ ಬೇರೆ, ಗುಡ್ಡದ ಬುಡದಲ್ಲಿ ಕಟ್ಟಿದರೆ ಬೇರೆ. ಗುಡ್ಡ ಹತ್ತಿ ಇಳಿದು ಬರುವ ಗಾಳಿ ಸುಳಿಸುಳಿಯಾಗಿ ಬರುತ್ತದೆ, ಅಂಥ ಗಾಳಿಯಲ್ಲಿ ಯಂತ್ರ ಮುಖ ತಿರುಗಿಸುವುದರಲ್ಲೇ ಹೊತ್ತು ಕಳೆಯುತ್ತದೆ.

ದಂಡೆಯ ಮೇಲೂ ಅಷ್ಟೇ. ಗಾಳಿಮರದ ತೋಪಿನ ನೆರಳು ತಂಪಾಗಿದೆ ಅಂತ ಅದರ ಹಿಂದೆ ವ್ಯಾನ್ ನಿಲ್ಲಿಸಿದರೆ ರೆಕ್ಕೆ ತಿರುಗುವುದೇ ಇಲ್ಲ. ಅಡ್ಡ ಇರುವ ವಸ್ತುವಿನ ಎತ್ತರದ ಸುಮಾರು 20 ಪಟ್ಟು ದೂರದವರೆಗೂ ಗಾಳಿ ಕದಡಿಕೊಂಡೇ ಇರುತ್ತದೆ. 10 ಮೀಟರ್ ಎತ್ತರದ ಮರ ಅಂದರೆ 200 ಮೀಟರ್. ಗಾಳಿ ಬರುವ ದಿಕ್ಕಿಗೆ, ಅಂದರೆ ಪಡುವಣ ಕಡೆಗೆ, ಬಯಲು ಇರುವ ಜಾಗವನ್ನೇ ಹುಡುಕಿ. ಮಾಜಾಳಿ, ಹಾರವಾಡದ ಕಡೆ ಅಂಥ ಜಾಗ ಸಿಗುತ್ತದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದವರು ಕೇಳುತ್ತಾರೆ: ನಮಗೂ ಆಗುತ್ತದಾ? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ, ದುಡ್ಡು ಹಾಕಬೇಡಿ. ದೇವಿಮನೆ ಘಟ್ಟ ಹತ್ತಿದ ಮೇಲೆ ಕಾಡು, ಕಾಡಿನ ನಡುವೆ ಕಣಿವೆ, ಕಣಿವೆಯಲ್ಲಿ ಅಡಿಕೆ ತೋಟ. ಮರದ ನೆತ್ತಿಯ ಮೇಲೆ ಗಾಳಿ ಭರ್ರೆಂದು ಹೋಗುತ್ತಿದ್ದರೂ ನಾಲ್ಕೈದು ಮೀಟರ್ ಎತ್ತರದ ಕಂಬಕ್ಕೆ ಅದು ಸಿಗುವುದಿಲ್ಲ. ಆ ಕಡೆ ವ್ಯಾನ್ ಇಟ್ಟುಕೊಂಡವರು ಎಂಜಿನ್‌ನ ಆಲ್ಟರ್ನೇಟರ್‌ನಿಂದ ಎರಡನೇ ಬ್ಯಾಟರಿ ಚಾರ್ಜ್ ಆಗುವ ಹಾಗೆ ಮಾಡಿಕೊಳ್ಳುವುದು ಒಳ್ಳೆಯದು.

ಎಷ್ಟು ಕರೆಂಟ್ ಬರುತ್ತದೆ

ಗಾಳಿಯ ವೇಗ ಎರಡು ಪಟ್ಟಾದರೆ ಅದರೊಳಗಿನ ಶಕ್ತಿ ಎಂಟು ಪಟ್ಟಾಗುತ್ತದೆ. ಈ ಒಂದು ಲೆಕ್ಕ ಗೊತ್ತಿದ್ದರೆ ಅರ್ಧ ಮೋಸ ತಪ್ಪುತ್ತದೆ.

ಬೋಟು, ವ್ಯಾನಿಗೆ ಬರುವ ಯಂತ್ರಗಳ ರೆಕ್ಕೆಯ ವ್ಯಾಸ ಸಾಮಾನ್ಯವಾಗಿ 0.9ರಿಂದ 1.2 ಮೀಟರ್. ಇಂಗ್ಲೆಂಡಿನ ಮಾರ್ಲೆಕ್ ಕಂಪನಿಯ ರಟ್‌ಲ್ಯಾಂಡ್ 1200 ಅನ್ನುವ ಯಂತ್ರದ್ದು 1.22 ಮೀಟರ್. 1.2 ಮೀಟರ್ ಅಂತಲೇ ಹಿಡಿದು ಲೆಕ್ಕ ಹಾಕೋಣ. ಗಾಳಿ ಸೆಕೆಂಡಿಗೆ 3 ಮೀಟರ್ ಇದ್ದಾಗ ರೆಕ್ಕೆ ತಿರುಗುವುದು ಕಾಣುತ್ತದೆ, ಬ್ಯಾಟರಿಗೆ ಹೋಗುವುದು ನಾಲ್ಕು ವ್ಯಾಟ್ ಇದ್ದರೆ ಹೆಚ್ಚು. 5 ಮೀಟರಿಗೆ ಸುಮಾರು 20 ವ್ಯಾಟ್, 8 ಮೀಟರಿಗೆ 85ರ ಆಸುಪಾಸು, 10 ಮೀಟರಿಗೆ 160. ಡಬ್ಬದ ಮೇಲೆ ಬರೆದಿರುವ 400 ವ್ಯಾಟ್ ಬರುವುದು 12–13 ಮೀಟರ್ ಗಾಳಿಗೆ, ಅಂದರೆ ಗಂಟೆಗೆ 45 ಕಿಲೋಮೀಟರ್. ಅಷ್ಟು ಗಾಳಿ ದಿನವಿಡೀ ಬೀಸಿದರೆ ನೀವು ಬೋಟಿನ ಹತ್ತಿರವೂ ಹೋಗುವುದಿಲ್ಲ.

ಗಾಳಿಯಲ್ಲಿರುವ ಶಕ್ತಿಯಲ್ಲಿ ಶೇ. 59.3ಕ್ಕಿಂತ ಜಾಸ್ತಿ ಯಾವ ರೆಕ್ಕೆಯೂ ಹಿಡಿಯಲಾರದು. ಜರ್ಮನಿಯ ಆಲ್ಬರ್ಟ್ ಬೆಟ್ಜ್ ಎಂಬ ವಿಜ್ಞಾನಿ ನೂರು ವರ್ಷದ ಹಿಂದೆಯೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ. ಇದು ಅಂಗಡಿಯಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ. 1.2 ಮೀಟರ್ ರೆಕ್ಕೆಯ ಯಂತ್ರ 10 ಮೀಟರ್ ಗಾಳಿಗೆ 1000 ವ್ಯಾಟ್ ಕೊಡುತ್ತದೆ ಅಂತ ಯಾರಾದರೂ ಹೇಳಿದರೆ ಎದ್ದು ಬನ್ನಿ. ಅಷ್ಟಗಲದಲ್ಲಿ ಹಾದುಹೋಗುವ ಗಾಳಿಯಲ್ಲಿ ಒಟ್ಟು ಇರುವುದೇ ಸುಮಾರು 660 ವ್ಯಾಟ್. ವ್ಯಾಟ್ ಎಷ್ಟು ಅಂತ ಕೇಳುವ ಬದಲು ರೆಕ್ಕೆಯ ವ್ಯಾಸ ಎಷ್ಟು, ಎಷ್ಟು ಗಾಳಿಗೆ ಎಷ್ಟು ವ್ಯಾಟ್ ಅಂತ ಕೇಳಿ.

ಈಗ ನಮ್ಮ ಊರಿನ ಲೆಕ್ಕ. ಆಷಾಢದಲ್ಲಿ ಸರಾಸರಿ 6 ಮೀಟರ್ ಗಾಳಿ ಸಿಗುವ ಜಾಗದಲ್ಲಿ 35 ವ್ಯಾಟ್‌ನಂತೆ ದಿನಕ್ಕೆ ಸುಮಾರು 850 ವ್ಯಾಟ್-ಅವರ್ ಬಂತು ಅನ್ನಿ, 12 ವೋಲ್ಟ್ ಬ್ಯಾಟರಿಗೆ 70 ಆಂಪಿಯರ್-ಅವರ್ ಆಯಿತು. ಬಿಲ್ಜ್ ಪಂಪ್, ರಾತ್ರಿಯ ದೀಪ, ವಿಎಚ್‌ಎಫ್ ರೇಡಿಯೋ ಎಲ್ಲ ಸೇರಿದರೂ ಇನ್ನೂ ಉಳಿಯುತ್ತದೆ. ಚಳಿಗಾಲದಲ್ಲಿ ಹಾಗಲ್ಲ. ಮಧ್ಯಾಹ್ನದ ಮೇಲೆ ಕಡಲ ಗಾಳಿ ನಾಲ್ಕೈದು ತಾಸು ಬೀಸುತ್ತದೆ, ರಾತ್ರಿ ಘಟ್ಟದ ಕಡೆಯಿಂದ ಬರುವ ಗಾಳಿಗೆ ಬಲ ಸಾಲದು. ದಿನಕ್ಕೆ 100 ವ್ಯಾಟ್-ಅವರ್ ಸಿಕ್ಕರೆ ಪುಣ್ಯ. ಆಗ ಬಿಸಿಲು ಧಾರಾಳ ಇರುತ್ತದೆ, ಸೋಲಾರ್ ಆ ಕೆಲಸ ಮಾಡುತ್ತದೆ. ಎರಡೂ ಇದ್ದರೆ ವರ್ಷ ಪೂರ್ತಿ ಸಾಗುತ್ತದೆ. ಒಂದೇ ಕೊಳ್ಳಲು ದುಡ್ಡಿದ್ದರೆ ಮೊದಲು ಸೋಲಾರ್ ಹಾಕಿ, ಗಾಳಿಯಂತ್ರ ಆಮೇಲೆ.

ಕಂಬ

ಯಂತ್ರಕ್ಕಿಂತ ಕಂಬಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಿ.

ಈ ಬಗೆಯ ಎಷ್ಟೋ ಯಂತ್ರಗಳ ಕುತ್ತಿಗೆ 48 ಮಿ.ಮೀ. ಕೊಳವೆಗೆ ಕೂರುತ್ತದೆ. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಒಂದೂವರೆ ಇಂಚಿನ ಜಿಐ ಪೈಪಿನ ಹೊರ ಅಳತೆ 48.3 ಮಿ.ಮೀ., ಸರಿಯಾಗಿ ಹೊಂದುತ್ತದೆ. ನಿಮ್ಮ ಯಂತ್ರದ ಅಳತೆ ನೋಡಿಕೊಂಡೇ ತನ್ನಿ. ಕೆಂಪು ಪಟ್ಟಿ ಇರುವ ಸಿ ಕ್ಲಾಸ್ ಪೈಪ್ ಕೇಳಿ, ಅದರ ದಪ್ಪ 4 ಮಿ.ಮೀ. ಹಳದಿ ಪಟ್ಟಿಯದ್ದು ತೆಳು, ಬೇಡ. ಬೋಟಿಗಾದರೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಪೈಪೇ ಒಳ್ಳೆಯದು. ಉಪ್ಪುಗಾಳಿಗೆ ಜಿಐ ಪೈಪಿನ ಬೆಸುಗೆ ಹಾಕಿದ ಜಾಗ ಮೊದಲು ತುಕ್ಕು ಹಿಡಿಯುತ್ತದೆ.

ಸೆಕೆಂಡಿಗೆ 20 ಮೀಟರಿನ ಬಿರುಗಾಳಿ ಬಂದಾಗ ತಿರುಗುತ್ತಿರುವ 1.2 ಮೀಟರ್ ರೆಕ್ಕೆಯ ಮೇಲೆ ಬೀಳುವ ಒತ್ತಡ ಸುಮಾರು 20 ಕೆ.ಜಿ. ಭಾರಕ್ಕೆ ಸಮ. ಮೂರು ಮೀಟರ್ ಕಂಬದ ತುದಿಗೆ ಹಗ್ಗ ಕಟ್ಟಿ 20 ಕೆ.ಜಿ. ಭಾರವನ್ನು ಅಡ್ಡಕ್ಕೆ ಎಳೆದ ಹಾಗೆ. ಅದೂ ಒಂದೇ ಸಲ ಅಲ್ಲ, ಎಳೆದು ಬಿಟ್ಟು ಎಳೆದು ಬಿಟ್ಟು ಇಡೀ ರಾತ್ರಿ. ಬುಡದ ಪ್ಲೇಟಿಗೆ ನಾಲ್ಕು ಸ್ಕ್ರೂ ಹೊಡೆದರೆ ಇದು ತಡೆಯುವುದಿಲ್ಲ. ಡೆಕ್ಕಿನ ಕೆಳಗಿನಿಂದ ಇನ್ನೊಂದು ದಪ್ಪ ಪ್ಲೇಟ್ ಕೊಟ್ಟು, ಬೋಲ್ಟ್ ಆರಪಾರು ಹಾಯಿಸಿ, ನೈಲಾನ್ ಲಾಕ್ ಇರುವ ನಟ್ ಹಾಕಿ ಬಿಗಿಯಬೇಕು. ಮೇಲೆ ಮೂರು ಕಡೆ ತಂತಿಹಗ್ಗ, ಪ್ರತಿಯೊಂದಕ್ಕೂ ತಿರುಗಿಸಿ ಬಿಗಿ ಮಾಡುವ ಟರ್ನ್‌ಬಕಲ್. ಹಗ್ಗ ಕಟ್ಟುವ ಕೊಂಡಿ ರೆಕ್ಕೆಯ ತುದಿ ಬರುವ ಜಾಗಕ್ಕಿಂತ ಕನಿಷ್ಠ ಒಂದು ಗೇಣು ಕೆಳಗಿರಲಿ.

ಎತ್ತರದ ವಿಷಯದಲ್ಲಿ ರಾಜಿ ಬೇಡ. ರೆಕ್ಕೆಯ ಕೆಳತುದಿ ಡೆಕ್ಕಿನಿಂದ ಎರಡೂವರೆ ಮೀಟರ್ ಮೇಲಿರಬೇಕು. ಬಂದರಿನಲ್ಲಿ ನಮ್ಮ ಬೋಟು ದಾಟಿಯೇ ಪಕ್ಕದ ಬೋಟಿಗೆ ಹೋಗುವುದು ರೂಢಿ. ಬಲೆ ಹೆಗಲ ಮೇಲೆ, ಬುಟ್ಟಿ ತಲೆ ಮೇಲೆ ಇಟ್ಟುಕೊಂಡು ದಾಟುತ್ತಾರೆ, ಕತ್ತಲಲ್ಲೂ ದಾಟುತ್ತಾರೆ. 10 ಮೀಟರ್ ಗಾಳಿಗೆ ರೆಕ್ಕೆಯ ತುದಿ ಗಂಟೆಗೆ 200 ಕಿಲೋಮೀಟರ್‌ಗಿಂತ ಜಾಸ್ತಿ ವೇಗದಲ್ಲಿ ಓಡುತ್ತಿರುತ್ತದೆ, ಕಣ್ಣಿಗೆ ಕಾಣುವುದೇ ಇಲ್ಲ. ಕೈ ಎತ್ತಿದರೂ ತಾಗಬಾರದು, ಭುಜದ ಮೇಲಿನ ಗಳ ತಾಗಬಾರದು. ಬೋಟಿನ ಹಿಂಭಾಗದ ಒಂದು ಮೂಲೆ ಇದಕ್ಕೆ ಸರಿ. ಬಲೆ ಎಳೆಯುವ ಕಡೆ ಬೇಡವೇ ಬೇಡ. ಬೋಟು ನಡೆಸುವ ತಾಂಡೇಲರನ್ನು ಕೇಳಿಯೇ ಜಾಗ ಗೊತ್ತು ಮಾಡಿ. ಹಗ್ಗ, ಬಲೆ, ಕಪ್ಪಿ ಎಲ್ಲಿಂದ ಎಲ್ಲಿಗೆ ಓಡುತ್ತವೆ ಅಂತ ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ.

ಇನ್ನು ನಡುಕ. ನಾವು ಮೊದಲು ಕಂಬವನ್ನು ನೇರವಾಗಿ ಕ್ಯಾಬಿನ್ನಿನ ಗೋಡೆಗೆ ಬಿಗಿದಿದ್ದೆವು. ರಾತ್ರಿ ಒಳಗೆ ಮಲಗಿದಾಗ ತಲೆದಿಂಬಿನೊಳಗೆ ದುಂಬಿ ಹೊಕ್ಕ ಹಾಗೆ ಸದ್ದು. ಒಂದು ವಾರಕ್ಕೆ ಒಂದು ನಟ್ ಅರ್ಧ ಸುತ್ತು ಸಡಿಲವಾಗಿತ್ತು. ಆಮೇಲೆ ಹಳೇ ಲಾರಿ ಟಯರಿನ ರಬ್ಬರನ್ನು ಹಾಳೆಯಂತೆ ಕತ್ತರಿಸಿ, ಕ್ಲ್ಯಾಂಪಿನ ಒಳಗೂ ಬುಡದ ಪ್ಲೇಟಿನ ಕೆಳಗೂ ಕೊಟ್ಟೆವು. ಸದ್ದು ಮುಕ್ಕಾಲು ಪಾಲು ಹೋಯಿತು.

ಸದ್ದಿಗೆ ಇನ್ನೊಂದು ಕಾರಣ ರೆಕ್ಕೆಗಳ ತೂಕ. ಜೋಡಿಸುವ ಮೊದಲು ಮೂರು ರೆಕ್ಕೆಗಳನ್ನೂ ಒಂದೊಂದಾಗಿ ತೂಗಿ ನೋಡಿ. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ನಮ್ಮದರಲ್ಲಿ ಎರಡು ಸಮ ಇದ್ದವು, ಮೂರನೆಯದು ಆರು ಗ್ರಾಂ ಕಡಿಮೆ. ಆರು ಗ್ರಾಂ ಅಂದರೆ ಒಂದು ಚಮಚ ಉಪ್ಪು, ಆದರೆ ನಿಮಿಷಕ್ಕೆ ಸಾವಿರ ಸುತ್ತು ತಿರುಗುವಾಗ ಅದು ಇಡೀ ಕಂಬವನ್ನು ಅಲ್ಲಾಡಿಸುತ್ತದೆ. ಅಂಗಡಿಗೆ ವಾಪಸ್ ಕೊಟ್ಟು ಬೇರೆ ಸೆಟ್ ತಂದೆವು. ಬೇರೆ ಬೇರೆ ಸೆಟ್ಟಿನ ರೆಕ್ಕೆ ಯಾವತ್ತೂ ಬೆರೆಸಬೇಡಿ.

ಅಲ್ಯುಮಿನಿಯಂ ಮತ್ತು ಸ್ಟೀಲ್ ಒಂದಕ್ಕೊಂದು ತಾಗಿ, ನಡುವೆ ಉಪ್ಪುನೀರು ಸೇರಿದರೆ ಅಲ್ಯುಮಿನಿಯಂ ಕರಗುತ್ತಾ ಹೋಗುತ್ತದೆ. ಅಂಥ ಕಡೆ ನೈಲಾನ್ ವಾಷರ್ ಹಾಕಿ, ಬೋಲ್ಟಿಗೆ ಮರೀನ್ ಗ್ರೀಸ್ ಹಚ್ಚಿ.

ನಿಲ್ಲಿಸುವ ಸ್ವಿಚ್ ಮತ್ತು ತಂತಿ

ಬಹಳಷ್ಟು ಯಂತ್ರಗಳಿಂದ ಮೂರು ತಂತಿ ಬರುತ್ತವೆ. ಅದು ತ್ರೀ ಫೇಸ್ ಎಸಿ. ಅದನ್ನು ಡಿಸಿ ಮಾಡುವ ರೆಕ್ಟಿಫೈಯರ್ ಸಾಮಾನ್ಯವಾಗಿ ಕಂಟ್ರೋಲರ್ ಒಳಗೇ, ಅಂದರೆ ಬ್ಯಾಟರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಪೆಟ್ಟಿಗೆಯೊಳಗೇ ಇರುತ್ತದೆ. ಎರಡೇ ತಂತಿ ಬಂದರೆ ಡಿಸಿ ಆಗಿಯೇ ಬರುತ್ತಿದೆ ಎಂದರ್ಥ.

ಯಂತ್ರವನ್ನು ಮೇಲೆ ಕೂರಿಸುವ ಮೊದಲು ಮನೆಯಲ್ಲಿ, ಮೇಜಿನ ಮೇಲೆ ಇದೊಂದು ಮಾಡಿ ನೋಡಿ. ರೆಕ್ಕೆ ಹಾಕದೆ ಬರೀ ಗುಂಬವನ್ನು, ಅಂದರೆ ರೆಕ್ಕೆಗಳು ಕೂರುವ ನಡುಭಾಗವನ್ನು, ಬೆರಳಿನಿಂದ ತಿರುಗಿಸಿ. ಹಗುರಾಗಿ ಸುತ್ತುತ್ತದೆ. ಈಗ ಮೂರು ತಂತಿಗಳ ತುದಿಯನ್ನು ಒಟ್ಟಿಗೆ ಹೊಸೆದು ಮತ್ತೆ ತಿರುಗಿಸಿ. ಜೋನಿ ಬೆಲ್ಲದಲ್ಲಿ ಸೌಟು ತಿರುಗಿಸಿದ ಹಾಗೆ ಕೈಗೆ ಭಾರ ಸಿಗುತ್ತದೆ. ತಂತಿಗಳನ್ನು ಶಾರ್ಟ್ ಮಾಡಿದಾಗ ಒಳಗೆ ಹರಿಯುವ ಕರೆಂಟೇ ಅಯಸ್ಕಾಂತಗಳನ್ನು ಹಿಡಿದು ಎಳೆಯುತ್ತದೆ. ಇದೇ ನಿಮ್ಮ ಬ್ರೇಕ್. ನಿಲ್ಲಿಸುವ ಸ್ವಿಚ್ ಮಾಡುವುದೂ ಇಷ್ಟನ್ನೇ. ಈ ಪರೀಕ್ಷೆಯಲ್ಲಿ ಕೈಗೆ ಭಾರ ಸಿಗದಿದ್ದರೆ ಎಲ್ಲೋ ತಂತಿ ತುಂಡಾಗಿದೆ, ಆ ಯಂತ್ರವನ್ನು ಕಂಬಕ್ಕೆ ಏರಿಸಬೇಡಿ.

ಸ್ವಿಚ್ ಯಂತ್ರ ಮತ್ತು ಕಂಟ್ರೋಲರ್ ನಡುವೆ ಬರಬೇಕು, ಕೈಗೆ ತಕ್ಷಣ ಸಿಗುವ ಜಾಗದಲ್ಲಿ ಇರಬೇಕು. ಯಂತ್ರದ ಗರಿಷ್ಠ ಕರೆಂಟಿಗಿಂತ ಚೆನ್ನಾಗಿ ಮೇಲಿನ ರೇಟಿಂಗ್ ಇರಲಿ, ನಾನು 50 ಆಂಪಿಯರಿನದ್ದು ಹಾಕಿದ್ದೇನೆ. ಮೇಲೆ ಕೆಂಪು ಬಣ್ಣ ಬಳಿದು 'ನಿಲ್ಲಿಸು' ಅಂತ ಕನ್ನಡದಲ್ಲೇ ಬರೆದಿದ್ದೇನೆ, ಏಕೆಂದರೆ ಅವಸರದಲ್ಲಿ ಅದನ್ನು ಒತ್ತುವವರು ನಾನೇ ಆಗಿರಬೇಕೆಂದಿಲ್ಲ. ಭರ್ಜರಿ ಗಾಳಿಯ ನಡುವೆ ಬ್ರೇಕ್ ಹಾಕಿದರೆ ಒಳಗಿನ ಸುರುಳಿ ಬಿಸಿಯಾಗಿ ಸುಟ್ಟು ಹೋಗಬಹುದು. ಗಾಳಿ ಒಂದು ಗಳಿಗೆ ತಗ್ಗುವುದನ್ನು ಕಾದು ಹಾಕಿ. ಇನ್ನೂ ಒಳ್ಳೆಯದೆಂದರೆ ಗಾಳಿ ಏರುವ ಮೊದಲೇ ಹಾಕಿ.

ನಾನು ಮಾಡಿದ ದೊಡ್ಡ ತಪ್ಪು ಕಂಟ್ರೋಲರಿನದ್ದು. ಮನೆಯಲ್ಲಿ ಸೋಲಾರ್ ಕಂಟ್ರೋಲರ್ ಒಂದು ಇತ್ತು, ಸಾಕಾಗುತ್ತದೆ ಅಂತ ಅಂಗಡಿಯವರೂ ಹೇಳಿದರು, ಅದನ್ನೇ ಹಾಕಿದೆ. ಎರಡು ದಿನ ಚೆನ್ನಾಗಿ ನಡೆಯಿತು. ಮೂರನೇ ರಾತ್ರಿ ಬ್ಯಾಟರಿ ತುಂಬಿತು. ಬ್ಯಾಟರಿ ತುಂಬಿದಾಗ ಸೋಲಾರ್ ಕಂಟ್ರೋಲರ್ ಸರ್ಕಿಟ್ ಕತ್ತರಿಸುತ್ತದೆ, ಪ್ಯಾನೆಲ್‌ಗೆ ಅದರಿಂದ ಏನೂ ತೊಂದರೆ ಇಲ್ಲ. ಆದರೆ ಗಾಳಿಯಂತ್ರಕ್ಕೆ ಇದ್ದಕ್ಕಿದ್ದಂತೆ ಹೊರೆಯೇ ಇಲ್ಲದಂತಾಯಿತು. ಹೊರೆ ಇಳಿಸಿದ ಎತ್ತು ಓಡಿದ ಹಾಗೆ ಓಡಿತು. ಮೇಲಿನಿಂದ ಕಿರುಚುವ ಸದ್ದು ಬಂತು, ನಾನು ಎದ್ದು ಟಾರ್ಚ್ ಹುಡುಕುವಷ್ಟರಲ್ಲಿ ಕಂಟ್ರೋಲರಿನಿಂದ ಸುಟ್ಟ ವಾಸನೆ. ವೋಲ್ಟೇಜ್ ಏರಿ ಅದರ ಹೊಟ್ಟೆ ಸುಟ್ಟಿತ್ತು. ಬ್ರೇಕ್ ಹಾಕಿ, ಬೆಳಿಗ್ಗೆ ಇಳಿಸಿ ನೋಡಿದರೆ ಒಂದು ರೆಕ್ಕೆಯ ತುದಿ ಉಗುರಿನಷ್ಟು ಹಾರಿ ಹೋಗಿದೆ. ಆ ಚೂರು ಪಕ್ಕದ ಬೋಟಿನಲ್ಲಿ ಮಲಗಿದ್ದವರ ಮೇಲೆ ಬಿದ್ದಿದ್ದರೆ ಅನ್ನುವುದನ್ನು ಇವತ್ತಿಗೂ ಮರೆತಿಲ್ಲ.

ಹಾಗಾಗಿ ಗಾಳಿಯಂತ್ರಕ್ಕೆಂದೇ ಮಾಡಿದ ಕಂಟ್ರೋಲರ್ ಬೇಕು. ಅದರಲ್ಲಿ ಡಂಪ್ ಲೋಡ್ ಅಂತ ಇರುತ್ತದೆ, ಬ್ಯಾಟರಿ ತುಂಬಿದ ಮೇಲೆ ಬರುವ ಕರೆಂಟನ್ನು ಒಂದು ದೊಡ್ಡ ರೆಸಿಸ್ಟರ್‌ಗೆ ಕಳಿಸಿ ಬಿಸಿಯಾಗಿ ಖರ್ಚು ಮಾಡುತ್ತದೆ. ಯಂತ್ರಕ್ಕೆ ಯಾವಾಗಲೂ ಹೊರೆ ಇದ್ದೇ ಇರುತ್ತದೆ. ಕೆಲವು ಕಂಟ್ರೋಲರ್‌ಗಳು ತಾವೇ ಬ್ರೇಕ್ ಹಾಕಿ ವೇಗ ತಗ್ಗಿಸುತ್ತವೆ, ಅವೂ ಆಗುತ್ತವೆ. ಡಂಪ್ ಲೋಡ್ ಮುಟ್ಟಿದರೆ ಸುಡುವಷ್ಟು ಕಾಯುತ್ತದೆ. ವ್ಯಾನಿನಲ್ಲಿ ಪ್ಲೈವುಡ್, ಥರ್ಮಾಕೋಲಿನ ಮೇಲೆ, ಬೋಟಿನಲ್ಲಿ ಡೀಸೆಲ್, ಬಲೆಯ ಹತ್ತಿರ ಅದನ್ನು ಕೂರಿಸಬೇಡಿ. ಲೋಹದ ತಗಡಿನ ಮೇಲೆ, ಸುತ್ತ ಗಾಳಿಯಾಡುವಂತೆ ಇಡಿ.

ತಂತಿಯ ದಪ್ಪಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 12 ವೋಲ್ಟ್, 10 ಆಂಪಿಯರ್, ದೂರ 10 ಮೀಟರ್. ಹೋಗಿ ಬರುವುದು ಸೇರಿ 20 ಮೀಟರ್ ತಾಮ್ರ. ಮನೆ ವೈರಿಂಗಿನ 2.5 ಚದರ ಮಿ.ಮೀ. ತಂತಿ ಹಾಕಿದರೆ ದಾರಿಯಲ್ಲೇ 1.4 ವೋಲ್ಟ್ ಹೋಗುತ್ತದೆ, ಬ್ಯಾಟರಿ ತುಂಬುವುದೇ ಇಲ್ಲ. 6 ಚದರ ಮಿ.ಮೀ.ಗೆ 0.57 ವೋಲ್ಟ್, 10ಕ್ಕೆ 0.34. ನಾನು 10ರದ್ದೇ ಹಾಕಿದೆ, ತವರ ಲೇಪಿಸಿದ ಎಳೆಗಳಿರುವ ಮರೀನ್ ಕೇಬಲ್. ಬರಿ ತಾಮ್ರದ ತಂತಿ ಬಂದರಿನಲ್ಲಿ ಎರಡು ಮಳೆಗಾಲಕ್ಕೆ ಪ್ಲಾಸ್ಟಿಕ್ ಒಳಗೇ ಹಸಿರು ಪುಡಿಯಾಗುತ್ತದೆ.

ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಬರಬೇಕು. ಯಂತ್ರದ ಗರಿಷ್ಠ ಕರೆಂಟಿಗಿಂತ ಸ್ವಲ್ಪ ಮೇಲೆ, ತಂತಿ ತಡೆಯುವುದಕ್ಕಿಂತ ಕೆಳಗೆ ಇರುವಂಥದ್ದು ಆರಿಸಿ. ಫ್ಯೂಸ್ ಹೋದರೂ ಯಂತ್ರದ ಹೊರೆ ಹೋದಂತೆಯೇ, ಅದಕ್ಕೇ ಸುಲಭವಾಗಿ ಹಾರುವ ಸಣ್ಣ ಫ್ಯೂಸ್ ಬೇಡ. ಲಿಥಿಯಂ ಬ್ಯಾಟರಿ ಇದ್ದವರು ಇನ್ನೂ ಎಚ್ಚರ ವಹಿಸಬೇಕು. ಅದರ ಬಿಎಂಎಸ್, ಅಂದರೆ ಬ್ಯಾಟರಿಯನ್ನು ಕಾಯುವ ಒಳಗಿನ ಸರ್ಕಿಟ್, ಅಪಾಯ ಕಂಡ ಕೂಡಲೇ ಬ್ಯಾಟರಿಯನ್ನೇ ಕಡಿದುಬಿಡುತ್ತದೆ, ಮತ್ತೆ ಅದೇ ಕಥೆ. ಬಿಎಂಎಸ್ 14.6 ವೋಲ್ಟ್‌ಗೆ ಕಡಿಯುವುದಾದರೆ ಕಂಟ್ರೋಲರನ್ನು 14.2ಕ್ಕೇ ಡಂಪ್ ಆಗುವಂತೆ ಹೊಂದಿಸಿ.

ಜೋಡಿಸುವ ಕ್ರಮವೂ ಮುಖ್ಯ. ಮೊದಲು ಸ್ವಿಚ್ 'ನಿಲ್ಲಿಸು'ವಿನಲ್ಲಿರಲಿ, ರೆಕ್ಕೆಗೆ ಹಗ್ಗ ಕಟ್ಟಿರಲಿ. ಬ್ಯಾಟರಿಯನ್ನು ಕಂಟ್ರೋಲರಿಗೆ ಸೇರಿಸಿ. ಕಂಟ್ರೋಲರಿನ ದೀಪ ಹತ್ತಿದ ಮೇಲೆ ಯಂತ್ರದ ತಂತಿ ಸೇರಿಸಿ, ಮೂರರಲ್ಲಿ ಯಾವುದು ಎಲ್ಲಿಗೆ ಬಂದರೂ ನಡೆಯುತ್ತದೆ. ಕೊನೆಗೆ ಹಗ್ಗ ಬಿಚ್ಚಿ, ಕೆಳಗಿಳಿದು, ಸ್ವಿಚ್ ಬಿಡಿ. ಕಳಚುವಾಗ ಇದರ ಉಲ್ಟಾ.

ವ್ಯಾನಿಗೆ

ಚಾವಣಿಯ ಮೇಲೆ ಕಾಯಂ ಕಂಬ ಬೇಡ. ಓಡುವಾಗ ಅದು ಮರದ ಕೊಂಬೆಗೆ, ವಿದ್ಯುತ್ ತಂತಿಗೆ ತಾಗುತ್ತದೆ. ಮತ್ತೆ ನೋಂದಣಿ ಪುಸ್ತಕದಲ್ಲಿ ಇರುವುದಕ್ಕಿಂತ ಬೇರೆ ರೀತಿ ವಾಹನ ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಚಕ್ರದ ಕೆಳಗಿನ ಪ್ಲೇಟ್ ಇದಕ್ಕೆ ಸುಲಭದ ದಾರಿ. 8 ಮಿ.ಮೀ. ದಪ್ಪದ ಕಬ್ಬಿಣದ ಪ್ಲೇಟಿನ ಒಂದು ತುದಿಗೆ ಕೀಲು ಇರುವ ಗೂಡು ಬೆಸೆಸಿ, ಹಿಂದಿನ ಚಕ್ರವನ್ನು ಪ್ಲೇಟಿನ ಮೇಲೆ ಹತ್ತಿಸಿ ನಿಲ್ಲಿಸಿ. ವ್ಯಾನಿನ ತೂಕವೇ ಬುಡವನ್ನು ಹಿಡಿಯುತ್ತದೆ. ಯಂತ್ರವನ್ನು ನೆಲದ ಮೇಲೇ ಕಂಬಕ್ಕೆ ಜೋಡಿಸಿ, ರೆಕ್ಕೆ ಕಟ್ಟಿ, ಇಬ್ಬರು ಸೇರಿ ಎತ್ತಿ ನಿಲ್ಲಿಸಿ. ಒಬ್ಬರೇ ಎತ್ತಲು ಹೋಗಬೇಡಿ. ಎತ್ತುವ ಮೊದಲು ತಲೆ ಮೇಲೆ ಕರೆಂಟ್ ತಂತಿ ಇದೆಯಾ ನೋಡಿ.

ಎಳೆಹಗ್ಗ ಮೂರು. ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ, ಗೋಣಿಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಎರಡು ಅಡಿ ಆಳಕ್ಕೆ ಹೂತುಬಿಡಿ. ಚಿರೆಕಲ್ಲಿನ ನೆಲಕ್ಕೆ ಕಬ್ಬಿಣದ ಗೂಟ ಹೊಡೆಯಬಹುದು. ಹಗ್ಗಕ್ಕೆ ಬಿಳಿ ಬಟ್ಟೆಯ ಚೂರು ಕಟ್ಟಿ, ಕತ್ತಲಲ್ಲಿ ಮಕ್ಕಳು ಎಡವುತ್ತಾರೆ. ರಾತ್ರಿ ಹತ್ತಿರದಲ್ಲಿ ಮನೆಗಳಿದ್ದರೆ ಬ್ರೇಕ್ ಹಾಕಿ ಮಲಗಿ.

ಮೊದಲ ಓಟ, ಆಮೇಲಿನ ಆರೈಕೆ

ಮೊದಲ ದಿನ ನಾಲ್ಕೈದು ಮೀಟರಿನ ಸಾಧಾರಣ ಗಾಳಿ ಇರಲಿ. ಅರ್ಧ ತಾಸು ಓಡಿಸಿ, ನಿಲ್ಲಿಸಿ, ಎಲ್ಲ ನಟ್ ಮುಟ್ಟಿ ನೋಡಿ. ಒಂದು ದಿನದ ನಂತರ ಮತ್ತೆ, ಒಂದು ವಾರಕ್ಕೆ ಮತ್ತೆ, ಆಮೇಲೆ ತಿಂಗಳಿಗೊಮ್ಮೆ. ನಟ್ಟಿನ ಮೇಲೂ ಪ್ಲೇಟಿನ ಮೇಲೂ ಸೇರಿಸಿ ಪೇಂಟಿನಿಂದ ಒಂದು ಗೆರೆ ಎಳೆದಿಟ್ಟರೆ, ಸಡಿಲವಾದದ್ದು ದೂರದಿಂದಲೇ ಕಾಣುತ್ತದೆ.

ಕಡಿಮೆ ಬೆಲೆಯ ಯಂತ್ರಗಳಲ್ಲಿ ಕುತ್ತಿಗೆಯ ಹತ್ತಿರ, ಯಂತ್ರ ಸುತ್ತಿದರೂ ಕರೆಂಟನ್ನು ಕೆಳಗೆ ದಾಟಿಸುವ ಸ್ಲಿಪ್ ರಿಂಗ್ ಇರುವುದಿಲ್ಲ, ಯಂತ್ರ ಸುತ್ತು ಹೊಡೆದಂತೆ ಕಂಬದೊಳಗೆ ತಂತಿ ಹುರಿಗೊಳ್ಳುತ್ತಾ ಹೋಗುತ್ತದೆ. ಬುಡದಲ್ಲಿ ಕಳಚುವ ಪ್ಲಗ್ ಇಟ್ಟು, ಬ್ರೇಕ್ ಹಾಕಿದ ಮೇಲೆ ವಾರಕ್ಕೊಮ್ಮೆ ಕಳಚಿ ಹುರಿ ಬಿಡಿಸಿ. ಇಲ್ಲಿ ಪ್ಲಗ್ ಇಟ್ಟವರು ಒಂದು ನೆನಪಿಡಬೇಕು. ಆ ಪ್ಲಗ್ ಕಳಚಿದರೆ ಸ್ವಿಚ್ಚಿನ ಬ್ರೇಕೂ ಕಳಚಿದಂತೆ, ಆದ್ದರಿಂದ ರೆಕ್ಕೆಗೆ ಹಗ್ಗ ಕಟ್ಟಿಯೇ ಕಳಚಿ. ಸ್ಲಿಪ್ ರಿಂಗ್ ಇದ್ದವರು ವರ್ಷಕ್ಕೊಮ್ಮೆ ಬಿಚ್ಚಿ ಒರೆಸಬೇಕು. ನಮ್ಮದನ್ನು ಮೊದಲ ಸಲ ಬಿಚ್ಚಿದಾಗ ಹಿತ್ತಾಳೆಯ ಬಳೆಗಳ ಮೇಲೆ ಉಪ್ಪು ಬಿಳಿ ಪೊರೆಯಾಗಿ ಕೂತಿತ್ತು, ಬ್ರಷ್ ಓಡಿದ ಜಾಗದಲ್ಲಿ ಮಾತ್ರ ಕಪ್ಪು ಗೆರೆ.

ಮಳೆ ಇಲ್ಲದ ತಿಂಗಳುಗಳಲ್ಲಿ ಎರಡು ವಾರಕ್ಕೊಮ್ಮೆ ಸಿಹಿನೀರಿನಿಂದ ರೆಕ್ಕೆ ತೊಳೆಯಿರಿ. ಗಾಳಿಗೆ ಎದುರಾಗುವ ಅಂಚಿನ ಮೇಲೆ ಬೆರಳು ಎಳೆದು ನೋಡಿ, ಮರಳು ಕಾಗದದ ಹಾಗೆ ತರಿತರಿ ಅನ್ನಿಸಿದರೆ ನುಣ್ಣಗೆ ಉಜ್ಜಬೇಕು. ಸೀಳು ಕಂಡರೆ ರಿಪೇರಿ ಬೇಡ, ಸೆಟ್ಟನ್ನೇ ಬದಲಿಸಿ.

ಹವಾಮಾನ ಇಲಾಖೆ ಬಿರುಗಾಳಿಯ ಎಚ್ಚರಿಕೆ ಕೊಟ್ಟ ದಿನ ಯಂತ್ರ ಓಡಿಸಬೇಡಿ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕಡಲಿನ ಪಕ್ಕದಲ್ಲೇ ಹಾದು ಹೋದಾಗ ದಂಡೆ ಹೇಗಿತ್ತು ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಎಚ್ಚರಿಕೆ ಬಂದ ಕೂಡಲೇ ಬ್ರೇಕ್ ಹಾಕಿ, ಬಾಲಕ್ಕೆ ಹಗ್ಗ ಕಟ್ಟಿ ಯಂತ್ರವನ್ನು ಗಾಳಿಯಿಂದ ಪಕ್ಕಕ್ಕೆ ತಿರುಗಿಸಿ, ಒಂದು ರೆಕ್ಕೆಯನ್ನು ಕಂಬಕ್ಕೆ ಬಿಗಿಯಿರಿ. ಯಂತ್ರದ ಹಿಂದಿನಿಂದಲೇ ಹತ್ತಿರ ಹೋಗಿ, ಎದುರಿನಿಂದ ಅಲ್ಲ. ಮೇ ತಿಂಗಳ ಮತ್ತು ಅಕ್ಟೋಬರಿನ ಗುಡುಗು ಮಳೆಗೆ ವ್ಯಾನಿನ ಕಂಬ ಪೂರ್ತಿ ಇಳಿಸಬೇಕು, ಬಯಲಿನಲ್ಲಿ ಒಂಟಿ ಕಬ್ಬಿಣದ ಕಂಬ ನಿಲ್ಲಿಸಿಕೊಂಡು ಅದರ ಪಕ್ಕ ಕೂರಬಾರದು.

ಆಗಸ್ಟ್ 1ಕ್ಕೆ ಬೋಟು ಮತ್ತೆ ಕಡಲಿಗೆ ಇಳಿಯುವ ಹಿಂದಿನ ದಿನ ನಾವು ರೆಕ್ಕೆಗಳನ್ನು ಬಿಚ್ಚಿ, ಹಳೇ ಕಂಬಳಿಯಲ್ಲಿ ಸುತ್ತಿ, ಯಾವುದು ಯಾವ ಬೋಲ್ಟಿಗೆ ಅಂತ 1, 2, 3 ನಂಬರ್ ಬರೆದು ಮನೆಯ ಅಟ್ಟದ ಮೇಲೆ ಇಡುತ್ತೇವೆ. ಕಂಬದ ತುದಿಯಲ್ಲಿ ಉಳಿದ ಯಂತ್ರಕ್ಕೆ ದಪ್ಪ ರೆಕ್ಸಿನ್ ಚೀಲ ಹಾಕಿ, ಬಾಯಿಯನ್ನು ಕೆಳಮುಖವಾಗಿ ಸಡಿಲಕ್ಕೆ ಕಟ್ಟುತ್ತೇವೆ, ಒಳಗಿನ ತೇವ ಹೊರಗೆ ಹೋಗಲಿ ಅಂತ. ಮೇ ಕೊನೆಯ ವಾರದಲ್ಲಿ ಮತ್ತೆ ಜೋಡಿಸುವಾಗ ಮೊದಲು ಮಾಡುವ ಕೆಲಸ ತಂತಿ ಹೊಸೆದು ಗುಂಬ ತಿರುಗಿಸಿ ನೋಡುವುದು.